ಬಾಯ್ಲರ್ ಬಸಲಿಂಗಪ್ಪನ ಉಪ್ಪು

ನಮ್ಮ ಮನೆಯವರಿಗೆ ಬುದ್ಧಿ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಮುಂಬೈ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳಲ್ಲಿ ಬಾಯ್ಲರ್ ಬಸಲಿಂಗಪ್ಪ ಅಂದರೆ ಇವರೇ. ಜಮಖಂಡಿಯಿಂದ ಬಂದಾಗಿನಿಂದ ಅದೇ ಬೆಂಕಿ, ಅದೇ ಹಬೆ. ದಿನಾ ಬಾಯ್ಲರಿನ ನೀರು ಪರೀಕ್ಷಿಸುತ್ತಾರೆ. ಕ್ಲೋರೈಡ್ ಹೆಚ್ಚಾಗಿದ್ದರೆ ವಾಲ್ವ್ ತೆರೆದು ಆ ನೀರು ಹೊರಗೆ ಬಿಟ್ಟು, ಹೊಸ ನೀರು ತುಂಬುತ್ತಾರೆ. ಇಲ್ಲದಿದ್ದರೆ ಕೊಳವೆ ತುಕ್ಕು ಹಿಡಿಯುತ್ತದಂತೆ.

ಯುಗಾದಿ ಮುಗಿದ ಮೇಲೆ ಡಾಕ್ಟರು, ಬಿಪಿ ಸ್ವಲ್ಪ ಏರಿದೆ, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಿ ಅಂದರು. ಅವರು ಅಂದದ್ದು ಅಷ್ಟೇ. ಇವರು ಉಪ್ಪನ್ನೇ ಬಿಟ್ಟುಬಿಟ್ಟರು!

"ಉಪ್ಪಿನಾಗ ಅರ್ಧಕ್ಕಿಂತ ಜಾಸ್ತಿ ಕ್ಲೋರೈಡ್ ಐತಿ, ಪಾರವ್ವ. ಕಬ್ಬಿಣಾನ ತಿಂತೈತಿ, ನನ್ನ ನರ ಬಿಟ್ಟೀತೇನ?"

"ಬಾಯ್ಲರಿಗೆ ಬೆವರು ಬರ್ತೈತೇನ್ರೀ? ನಿಮ್ಮ ಅಂಗಿ ಮ್ಯಾಲ ಉಪ್ಪು ಬೆಳ್ಳಗ ಕುಂತಿರ್ತೈತಿ. ಹೋದದ್ದು ತಿರುಗಿ ಹೊಟ್ಟಿಗೆ ಬ್ಯಾಡೇನು?"

ಕೇಳಿದರೆ ತಾನೆ! ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿಕೊಟ್ಟರೆ ಮೋರಿಗೆ ಚೆಲ್ಲುತ್ತಿದ್ದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಗಾದೆ. ಇವರು ಉಪ್ಪು ತಿನ್ನದೆಯೇ ಕೊಡಗಟ್ಟಲೆ ನೀರು ಕುಡಿದರು. ಒಳಗಿನದೆಲ್ಲ ತೊಳೆದು ಹೋಗಬೇಕಂತೆ. ಮೀನಖಂಡ ಸೆಟೆದುಕೊಂಡು ಒದ್ದಾಡಿದರು, ಅನ್ನ ಕಂಡರೆ ವಾಕರಿಸಿದರು. ಮಗಳು ಪೂನಂ, "ಬಾಬಾ, ಥೋಡಾ ತೋ ಖಾವೋ" ಎಂದು, ಸ್ವಲ್ಪವಾದರೂ ತಿನ್ನಲು ಗೋಗರೆದಳು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಮೇ ತಿಂಗಳ ಸೆಕೆಯಲ್ಲಿ ಒಂದು ಮಧ್ಯಾಹ್ನ ಬಾಯ್ಲರ್ ಪಕ್ಕದಲ್ಲೇ ತಲೆ ತಿರುಗಿ ಬಿದ್ದರು. ಸ್ವಲ್ಪದರಲ್ಲಿ ಮುಖ ಬೆಂಕಿಬಾಯಿಗೆ ತಾಗುವುದು ತಪ್ಪಿತು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಸೋಡಿಯಂ, ಕ್ಲೋರೈಡ್ ಎರಡೂ ಪಾತಾಳಕ್ಕಿಳಿದಿದ್ದವು. ಬಿಪಿಯವರಿಗೂ ಮಿತವಾದ ಉಪ್ಪು ಬೇಕು, ಇಷ್ಟು ಬೆವರುವವರಿಗಂತೂ ಬೇಕೇ ಬೇಕು ಎಂದು ಡಾಕ್ಟರು ಬೈದರು. ಕೈಗೆ ಸೂಜಿ ಚುಚ್ಚಿ ಬಾಟಲಿ ಹಚ್ಚಿದರು.

ಮರುದಿನ ಕಣ್ಣು ಬಿಟ್ಟು ಕೂತವರು ಉಡುಪಿ ಕಡೆಯ ನರ್ಸ್ ಮಲ್ಲಿಕಾಳನ್ನು ಕೇಳಿದರು: "ಇದರಾಗ ಏನೈತವ್ವ?"

"ಉಪ್ಪುನೀರು ಅಂಕಲ್. ಸೋಡಿಯಂ ಕ್ಲೋರೈಡ್."

ಇವರ ಮುಖ ಹುಳ್ಳಗಾಯಿತು. ನಾನು ತಿಂಗಳುಗಟ್ಟಲೆ ಕೈಮುಗಿದು ಕೊಟ್ಟಿದ್ದನ್ನು ಈಗ ಸೂಜಿ ಚುಚ್ಚಿಸಿಕೊಂಡು ತೆಗೆದುಕೊಳ್ಳುತ್ತಿದ್ದರಲ್ಲ! ಆಮೇಲೆ ಏನು ಕೇಳಿದರು ಗೊತ್ತೇ?

"ಬಾಯ್ಲರ್ ಈಗ ಯಾರ್ ನೋಡಾಕತ್ತಾರ?"

ನನ್ನ ಪಿತ್ತ ನೆತ್ತಿಗೇರಿತು. "ಆ ಬಾಯ್ಲರಿಗೆ ನಾಳೆ ಇನ್ನೊಬ್ಬ ಬರ್ತಾನ್ರೀ. ನನಗ ಯಾರ್ ಬರ್ತಾರ?" ಅಂದೆ. ಅಳು ಬಂದುಬಿಟ್ಟಿತು.

ಅವರು ನನ್ನ ಕಡೆ ನೋಡಲಿಲ್ಲ. ಮಂಚದ ಕೆಳಗಿದ್ದ ಬುತ್ತಿಚೀಲವನ್ನೇ ನೋಡುತ್ತಾ ಕೇಳಿದರು:

"ಮಜ್ಜಿಗಿ ತಂದೀಯೇನ?"