ಸನ್ಯಾಸಿನಿ ಬರೆಯದೆ ಉಳಿಸಿದ ಅಕ್ಷರ

ಹದಿನೆಂಟು ವರ್ಷ ಮಠದಲ್ಲಿದ್ದ ಸನ್ಯಾಸಿನಿ ಒಂದು ದಿನ ಮಠದ ಬಟ್ಟೆ ಕಳಚಿಟ್ಟು, ಪೇಟೆಯಲ್ಲಿ ಹಚ್ಚೆ ಹಾಕುವ ಅಂಗಡಿ ತೆರೆದಳು. "ಜಪಮಾಲೆ ಬಿಟ್ಟು ಸೂಜಿ ಹಿಡಿದ್ಯೇನೇ?" ಎಂದು ತಂಗಿಯೇ ಹಂಗಿಸಿದಳು.

ಮಠದಲ್ಲೂ ಅವಳದು ಅಕ್ಷರದ ಕೆಲಸವೇ. ತೀರಿಕೊಂಡವರನ್ನು ತೊಳೆದು, ಮುಂಗೈ ಮೇಲೆ ಮಸಿಯಲ್ಲಿ ಹೆಸರು ಬರೆಯಬೇಕು. ಕೊನೆಯ ಅಕ್ಷರ ಮುಗಿದ ಮೇಲೆಯೇ ಹೆಣ ಎತ್ತುವುದು. ಅದು ಸಾಕಾಗಿ, ಬದುಕಿರುವ ಮೈ ಮುಟ್ಟಬೇಕೆಂದೇ ಹೊರಬಂದಿದ್ದಳು. ಸೂಜಿ ತಾಗಿ ಗಿರಾಕಿಗಳು "ಅಯ್ಯಯ್ಯೋ" ಎಂದರೆ ಅವಳ ಕಿವಿಗೆ ಹಿತ.

ಒಂದು ಮಧ್ಯಾಹ್ನ ಪಕ್ಕದಂಗಡಿ ದರ್ಜಿಯ ಅತ್ತೆ ಬಂದು ತೋಳು ಚಾಚಿದಳು.

"ನನ್ನ ಹೆಸರು ಬರಿಯಮ್ಮ. ಈಚೆಗೆ ನಂಗೇ ಮರೆತುಹೋಗ್ತದೆ."

ಸೂಜಿ ಇಳಿಯಿತು. ಮುದುಕಿ ಕಮಕ್ ಕಿಮಕ್ ಎನ್ನಲಿಲ್ಲ. ಒಂದು ತೊಟ್ಟೂ ರಕ್ತ ಜಿನುಗಲಿಲ್ಲ. ಚರ್ಮ ತಣ್ಣಗಿತ್ತು, ಆ ತಂಪು ಇವಳ ಬೆರಳಿಗೆ ಹಳೆಯ ಪರಿಚಯ. ಬರೆಯುವ ಕೈ ತಾನಾಗಿಯೇ ಓಡಿತು. ಅಷ್ಟು ದುಂಡಗೆ ಈ ಅಂಗಡಿಯಲ್ಲಿ ಅವಳು ಬರೆದದ್ದೇ ಇಲ್ಲ. ಒಂದೇ ಅಕ್ಷರ ಉಳಿದಾಗ ಥಟ್ಟನೆ ಯಂತ್ರ ನಿಲ್ಲಿಸಿದಳು.

"ಯಾಕಮ್ಮ, ಮಸಿ ಮುಗೀತಾ?"

"ಹೂಂ ಅಜ್ಜಿ. ನಾಳೆ ಬನ್ನಿ."

"ಹಣ್ಣೆಲೆ ಹತ್ರ ನಾಳೆಯ ಮಾತಾಡ್ತೀಯಲ್ಲೇ!" ಎಂದು ಗೊಣಗುತ್ತಾ ಮುದುಕಿ ಎದ್ದು ಹೋದಳು.

ಇದಾಗಿ ಮೂರು ವರ್ಷ. ಅಂಗಡಿ ತೆರೆಯುವ ಮೊದಲೇ ಅಜ್ಜಿ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಆ ತೋಳು ದಿನದಿಂದ ದಿನಕ್ಕೆ ಇನ್ನಷ್ಟು ತಣ್ಣಗಾಗುತ್ತಿದೆ.

"ಬರೆದುಬಿಡೇ ತಾಯಿ, ಕಾದು ಕಾದು ಸಾಕಾಯ್ತು."

ಇವಳು ಆ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿ, "ನಾಳೆ ಬನ್ನಿ ಅಜ್ಜಿ" ಎಂದು ಕಳಿಸುತ್ತಾಳೆ.