ಅಣ್ಣನ ಗಿಡದ ಹಾಡು

ಅಣ್ಣನ ಎಡಗೈ ಬೆರಳ ತುದಿಗಳು ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿದ್ದವು. ಗಿಟಾರಿನ ತಂತಿ ಒತ್ತಿ ಒತ್ತಿ ಹಾಗಾಗಿತ್ತು. ನಾನು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಬಂದು ಕುಳಿತು, ಹಂಚಿನ ಮೇಲಿನ ರೊಟ್ಟಿಯನ್ನು ಆ ಬೆರಳುಗಳಿಂದಲೇ ಮಗುಚುತ್ತಿದ್ದ. "ನೀ ಸುಟ್ಕೋಬ್ಯಾಡ, ಸರಿ ಅತ್ಲಾಗ" ಎನ್ನುತ್ತಿದ್ದ.

ಹುಬ್ಬಳ್ಳಿಯ ಮೂವರು ಗೆಳೆಯರ ಜೊತೆ ಅವನು ರಾಕ್ ಬ್ಯಾಂಡ್ ಕಟ್ಟಿದ್ದ. ನಮ್ಮ ಮಿಶ್ರಿಕೋಟಿಯಲ್ಲಿ ಅದನ್ನು ಯಾರೂ ಹಾಡೆಂದು ಒಪ್ಪಲಿಲ್ಲ. "ಡಬ್ಬಿ ಬಡ್ಯಾಕ ಹುಬ್ಬಳ್ಳಿತನಕ ಯಾಕ ಹೊಂಟೀಲೇ, ಮನ್ಯಾಗ ಡಬ್ಬಿ ಇಲ್ಲೇನು?" ಎಂದು ಕಾಕಾ ಕೆಣಕಿದರೆ, "ಅದಾವು ಕಾಕಾ, ಎಲ್ಲಾದ್ರಾಗೂ ನೀವು ಕಾಳು ತುಂಬೀರಿ" ಎಂದು ನಗುತ್ತಿದ್ದ.

ಊರ ಕೆರೆಯ ದಂಡೆಯ ಗಿಡಗಳನ್ನು ಇಟ್ಟಿಗೆ ಭಟ್ಟಿಗೆಂದು ಕಡಿದ ವರ್ಷ ಅಣ್ಣನ ಬ್ಯಾಂಡಿನವರು ಆ ಗಿಡಗಳ ಮೇಲೆ ಒಂದು ಹಾಡು ಕಟ್ಟಿದರು. ಅದೊಂದೇ ಹಾಡಿನ ಕ್ಯಾಸೆಟ್ಟು ಮಾರಿ, ದಂಡೆಗೆ ಮತ್ತೆ ಸಸಿ ಹಚ್ಚಬೇಕೆಂಬುದು ಅಣ್ಣನ ಆಸೆ. ಹಾಡು ತುಂಬಿಸಿದ ಮರುವಾರವೇ ಡ್ರಮ್ ಬಾರಿಸುವವನು ಮುಂಬೈಯಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಇನ್ನು ಪ್ರತಿ ತೆಗೆಯುವುದಷ್ಟೇ ಬಾಕಿ. ಆ ಮೂಲ ಕ್ಯಾಸೆಟ್ಟನ್ನು ಅಣ್ಣ ದುಮ್ಮವಾಡಕ್ಕೆ, ನನ್ನ ಗಂಡನ ಮನೆಗೆ ತಂದ. ಅದರ ಮೇಲೆ ಯಾರೂ ಬೇರೇನೂ ತುಂಬದಂತೆ, ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ನನ್ನೆದುರೇ ಮುರಿದ. "ನನ್ನ ಖೋಲ್ಯಾಗ ಹತ್ತು ಮಂದಿ ಕೈ ಹಾಕ್ತಾರ. ನಿನ್ನ ಕಡೆ ಇರ್ಲಿ ತಂಗಿ."

ಅದಾಗಿ ಹದಿನೈದು ದಿನಕ್ಕೆ, ಬಾಣಂತನಕ್ಕೆ ಬಂದಿದ್ದ ನಾದಿನಿಯ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಮನೆಯಲ್ಲಿ ಹೊಸ ಟೇಪ್ ರೆಕಾರ್ಡರ್ ಇತ್ತು, ಖಾಲಿ ಕ್ಯಾಸೆಟ್ಟು ಇರಲಿಲ್ಲ. ಹೆಂಗಸರು ಜೋಗುಳ ಶುರುಮಾಡಿದ್ದರು. "ತುಂಬ್ರಿ ವೈನಿ, ನಮ್ಮ ದನಿ ನಾವೂ ಕೇಳೂಣು" ಎಂದಳು ನಾದಿನಿ. ಅಣ್ಣನ ಕ್ಯಾಸೆಟ್ಟಿನ ಮುರಿದ ಕಿಂಡಿಗಳಿಗೆ ಕಾಗದ ತುರುಕಿ ಗುಂಡಿ ಒತ್ತಿದೆ. ನಾನು ನಾಲ್ಕನೇ ಇಯತ್ತೆ ಓದಿದವಳು. ತಿಳಿಯದೆ ಮಾಡಿದೆ ಎಂದರೆ ನೀವು ನಂಬುತ್ತೀರಿ. ತಿಳಿದಿತ್ತು. ಗಿಡದ ಹಾಡನ್ನು ಯಾರು ಕೊಳ್ಳುತ್ತಾರೆ ಎಂದುಕೊಂಡೆ.

ಅಣ್ಣ ಬಂದಾಗ, "ಮಷೀನ್ ಕೆಟ್ಟು ತಾನಾಗೇ ಅಳಿಸಿ ಹೋತಣ್ಣ" ಎಂದೆ. ಅವನು ಕ್ಯಾಸೆಟ್ಟನ್ನು ತಿರುವಿ ನೋಡಿದ. ನಾನು ಕಾಗದ ತೆಗೆಯಲು ಮರೆತಿದ್ದೆ. ಆ ಜಡ್ಡು ಬೆರಳಿಗೆ ಅದು ಸಿಗಲಿಲ್ಲ. ಉಗುರಿನಿಂದ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡ.

"ಹೋಗ್ಲಿ ಬಿಡು. ಮಷೀನಿಗೂ ಬ್ಯಾಸರ ಬಂದಿರ್ತೈತಿ" ಎಂದು ಚಹಾ ಕುಡಿದು ಬಸ್ಸಿಗೆ ಹೋದ.

ಬ್ಯಾಂಡ್ ಮತ್ತೆ ಸೇರಲಿಲ್ಲ. ದಂಡೆಯ ಮೇಲೆ ತಾನೊಬ್ಬನೇ ಏಳೆಂಟು ಬೇವಿನ ಸಸಿ ಹಚ್ಚಿ, ರವಿವಾರಕ್ಕೊಮ್ಮೆ ಕೊಡದಲ್ಲಿ ನೀರು ಹೊರುತ್ತಿದ್ದ.

ಅಣ್ಣ ತೀರಿಕೊಂಡ ಮೇಲೆ ಆ ಡ್ರಮ್ಮಿನವರು ಮುಂಬೈಯಿಂದ ನನ್ನನ್ನು ಮಾತಾಡಿಸಲು ಬಂದರು. ತಲೆ ಪೂರಾ ನರೆತಿತ್ತು. ಊಟಕ್ಕೆ ಕೂಡ್ರಿಸಿದೆ. ಅರ್ಧ ಊಟಕ್ಕೆ ಅವರ ಕೈ ನಿಂತಿತು.

"'ಸಿನಿಮಾ ಹಾಡು ತುಂಬಾಕ ಹೋಗಿ ಗಿಡದ ಹಾಡು ನಾನಽ ಅಳಿಸೀನಿ' ಅಂತ ನಿಮ್ಮಣ್ಣನಽ ನನಗ ಪತ್ರ ಬರ್ದಿದ್ನರಿ ಅಕ್ಕಾ. ಆ ಸಿಟ್ಟಿಗೆ ಅವನ ಜೋಡಿ ಕಡೀತನಾ ಮಾತಾಡಲಿಲ್ಲ ನಾ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು.

"ಇನ್ನೊಂದು ರೊಟ್ಟಿ ಹಾಕಲೇನ್ರಿ?" ಎಂದೆ.