ಮೇನ್ ಸ್ವಿಚ್ ಇಳಿಸಿದವನು

‘ಮಾವಾರ, ನಾ ಊಟಕ್ಕ ಎದ್ದ ಮ್ಯಾಲ ಮೇನ್ ಸ್ವಿಚ್ ಇಳಸೋರು ನೀವ ಏನ್ರಿ?’ ಸೊಸೆ ಸುಮಂಗಲಾ ಕೇಳಿದಳು.

ಬೆಟಗೇರಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಅವಳು ಸೀರೆ ಅಂಚಿನ ವಿನ್ಯಾಸ ಮಾಡುವ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯಾಚರಣಾ ವ್ಯವಸ್ಥೆಗಳಿವೆ; ಶುರು ಮಾಡುವಾಗ ಒಂದನ್ನು ಆರಿಸಿಕೊಳ್ಳಬೇಕು. ಫೈಲುಗಳು ಎರಡಕ್ಕೂ ಸೇರಿದ ಒಂದೇ ಡಿಸ್ಕ್ ಭಾಗದಲ್ಲಿವೆ. ಲಿನಕ್ಸಿನಲ್ಲಿ ಅವನ್ನು ತೆರೆದರೆ ಕೆಲವು ದಿನ ಕಂಪ್ಯೂಟರ್ ಹ್ಯಾಂಗ್ ಆಗುತ್ತಿತ್ತು. ಲಿನಕ್ಸ್ ಹಾಕಿದ ಅವಳದೇ ತಪ್ಪೆಂದು ನೆಂಟರೆದುರು ಹಂಗಿಸಿ, ಅದನ್ನು ಅಳಿಸಲು ಮಗನನ್ನೂ ಒಪ್ಪಿಸಿದ್ದೆ.

ಅವಳು ಹ್ಯಾಂಗ್ ಆದ ದಿನಗಳನ್ನೆಲ್ಲ ಬರೆದಿಟ್ಟು ತಾಳೆ ನೋಡಿದ್ದಳು: ಅವೆಲ್ಲ ಅವಳು ವಿಂಡೋಸನ್ನು ಮುಚ್ಚಲು ಬಿಟ್ಟು ಊಟಕ್ಕೆ ಎದ್ದ ದಿನಗಳೇ. ಊಟದ ಹೊತ್ತಿಗೆ ಮೇನ್ ಇಳಿಸುವುದು ನನ್ನ ಹಳೆಯ ರೂಢಿ. ವಿಂಡೋಸ್ ಪೂರ್ತಿ ಮುಚ್ಚುವ ಮೊದಲೇ ಕರೆಂಟ್ ಹೋಗಿ, ಆ ಡಿಸ್ಕ್ ಭಾಗ ಅರ್ಧ ತೆರೆದೇ ಉಳಿಯುತ್ತಿತ್ತು; ಆಮೇಲೆ ಲಿನಕ್ಸ್ ಅದನ್ನು ಓದಲಾಗದೆ ನಿಂತುಬಿಡುತ್ತಿತ್ತು.

ನಾನು ಆ ರೂಢಿ ಬಿಟ್ಟ ಮೇಲೆ ಮಗನಿಗೆ ಅವಳು, ‘ಕರೆಂಟಿಂದ ತ್ರಾಸಿತ್ರಿ, ಈಗ ಬರೋಬರಿ ಆತು’ ಎಂದಷ್ಟೇ ಹೇಳಿದಳು. ನನ್ನ ಹೆಸರೆತ್ತಲಿಲ್ಲ.

ಅದಕ್ಕೇ ನೆಂಟರೆಲ್ಲ ಓದುವ ಈ ಪತ್ರಿಕೆಗೆ ಬರೆಯುತ್ತಿದ್ದೇನೆ. ಮೇನ್ ಇಳಿಸಿದವನು ನಾನೇ.